ಮೊದಲ ದಿನ ಯಾವ ಕ್ಲಾಸ್? ಆಮ್ಟ್‌ಗಾರ್ಡ್ ಮೈದಾನದಲ್ಲಿ ರೀವ್ ಕೆಲಸ ಕಲಿಸಿದ್ದು

ಆಮ್ಟ್‌ಗಾರ್ಡ್ ಆಡಲು ಬರುವ ಹೊಸಬರಲ್ಲಿ ಹೆಚ್ಚಿನವರು ಮನೆಯಲ್ಲೇ ಕ್ಲಾಸ್, ಅಂದರೆ ಆಟದಲ್ಲಿ ತಾವು ಆಡುವ ಪಾತ್ರದ ಬಗೆ, ಆರಿಸಿಕೊಂಡು ಬಂದಿರುತ್ತಾರೆ. ನಿಯಮಪುಸ್ತಕ ಪುಕ್ಕಟೆ ಸಿಗುತ್ತದೆ. ರಾತ್ರಿ ಕೂತು ಓದಿ, ಬೆಂಕಿ ಉಂಡೆ ಎಸೆಯುವ ವಿಝಾರ್ಡ್ ಆಗಬೇಕು, ಇಲ್ಲವೇ ಹೊಂಚು ಹಾಕಿ ಕೊಲ್ಲುವ ಅಸಾಸಿನ್ ಆಗಬೇಕು ಅಂತ ತೀರ್ಮಾನಿಸಿರುತ್ತಾರೆ. ಹೆಸರು ಬರೆಸುವ ಮೇಜಿನ ಹಿಂದೆ ಕೂತವರ ಕೆಲಸ ಆ ತೀರ್ಮಾನವನ್ನು ಮೆಲ್ಲಗೆ ಸಡಿಲಿಸುವುದು. ಸಂಬಳವಿಲ್ಲದ ಕೆಲಸ, ಆದರೆ ಸರಿಯಾಗಿ ಮಾಡದಿದ್ದರೆ ಮುಂದಿನ ವಾರ ಆ ಮನುಷ್ಯ ಮೈದಾನಕ್ಕೆ ಬರುವುದೇ ಇಲ್ಲ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. 1983ರಲ್ಲಿ ಟೆಕ್ಸಸ್‌ನ ಎಲ್ ಪಾಸೋದಲ್ಲಿ ಶುರುವಾದ ಆಟ ಇದು. ಫೋಮ್ ಸುತ್ತಿದ ಕತ್ತಿ, ಗುರಾಣಿ ಹಿಡಿದು ಸಾರ್ವಜನಿಕ ಪಾರ್ಕುಗಳಲ್ಲಿ ವಾರಕ್ಕೊಮ್ಮೆ ಕಾದಾಡುತ್ತಾರೆ. ತೀರ್ಪು ಕೊಡುವವರಿಗೆ ರೀವ್ ಅನ್ನುತ್ತಾರೆ. ಇದಕ್ಕಿಂತ ಹಳೆಯದಾದ, 1977ರ ಡಾಗೋರ್‌ಹಿರ್ ಎಂಬ ಇಂಥದ್ದೇ ಆಟದಲ್ಲಿ ಕ್ಲಾಸೇ ಇಲ್ಲ, ಎಲ್ಲರೂ ಬರೀ ಕಾದುವವರು. ಆಮ್ಟ್‌ಗಾರ್ಡ್‌ನಲ್ಲಿ ಮಂತ್ರ ಹಾಕುವವರು, ಬಿಲ್ಲುಗಾರರು, ಗಾಯ ವಾಸಿ ಮಾಡುವವರು ಅಂತ ಹತ್ತಕ್ಕೂ ಹೆಚ್ಚು ಕ್ಲಾಸ್‌ಗಳಿವೆ. ಗೊಂದಲ ಹುಟ್ಟುವುದು ಅಲ್ಲಿಂದಲೇ.

ಪೆಟ್ಟಿನ ಲೆಕ್ಕ ಸರಳ. ಮುಂಡಕ್ಕೆ ಬಿದ್ದರೆ ಸತ್ತಂತೆ. ಕೈಗೋ ಕಾಲಿಗೋ ಬಿದ್ದರೆ ಆ ಅಂಗ ಹೋಯಿತು, ಎರಡನೆಯ ಅಂಗವೂ ಹೋದರೆ ಸಾವು. ತಲೆ, ಕುತ್ತಿಗೆ ಲೆಕ್ಕಕ್ಕಿಲ್ಲ, ಅಲ್ಲಿಗೆ ಹೊಡೆಯುವಂತೆಯೂ ಇಲ್ಲ. ಜೋರಾಗಿ ಬೀಸಬೇಕಿಲ್ಲ, ಸವರಿಕೊಂಡು ಹೋಗದೆ ಸರಿಯಾಗಿ ತಾಗಿದರೆ ಸಾಕು. ಇಷ್ಟು ತಿಳಿದುಕೊಂಡು ಸಾಲಿನಲ್ಲಿ ನಿಂತ ಹೊಸಬರು ಹತ್ತಿಪ್ಪತ್ತು ಸೆಕೆಂಡಿನಲ್ಲಿ ಸಾಯುತ್ತಾರೆ. ಮತ್ತೆ ಜೀವ ಪಡೆದು ಬರುತ್ತಾರೆ, ಮತ್ತೆ ಸಾಯುತ್ತಾರೆ. ಮೊದಲ ಕೆಲವು ವಾರ ಇದೇ ನಡೆಯುವುದು. ಹಾಗಾಗಿ ಕ್ಲಾಸ್ ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಪೆಟ್ಟು ನೋಡುವುದರ ಜೊತೆಗೆ ಇನ್ನೆಷ್ಟು ವಿಷಯ ತಲೆಯಲ್ಲಿಟ್ಟುಕೊಳ್ಳಬೇಕಾಗುತ್ತದೆ?

ಈ ಲೆಕ್ಕದಲ್ಲಿ ವಾರಿಯರ್‌ಗೆ ಎದುರಿಲ್ಲ. ಕೈಯಲ್ಲಿ ಹಿಡಿದು ಹೊಡೆಯುವ ಯಾವ ಆಯುಧವಾದರೂ ಸರಿ, ಗುರಾಣಿ ದೊಡ್ಡದಾದರೂ ಸರಿ, ಕವಚ 6 ಅಂಕದವರೆಗೆ (ಅಂಕ ಹೆಚ್ಚಿದಷ್ಟೂ ಹೆಚ್ಚು ಪೆಟ್ಟು ತಡೆಯುತ್ತದೆ). ನೆನಪಿಡಬೇಕಾದ ವಿಶೇಷ ಶಕ್ತಿಗಳು ಕೆಲವೇ ಕೆಲವು, ಮರೆತರೂ ಆಟ ನಿಲ್ಲುವುದಿಲ್ಲ. ಕವಚ ಇದೆಯೆಂದು ಮೊದಲ ದಿನವೇ ಸರಪಳಿ ಅಂಗಿ ಹಾಕಿಸಬಾರದು. ಟೆಕ್ಸಸ್ ಬೇಸಿಗೆಯಲ್ಲಿ ಅದನ್ನು ತೊಟ್ಟು ಓಡಿದವರು ಅರ್ಧ ಗಂಟೆಗೆ ನೆರಳು ಹುಡುಕುತ್ತಾರೆ, ಕಲಿಕೆ ಅಲ್ಲಿಗೆ ಮುಗಿಯಿತು. ಮಂಡಿಗೆ ಪ್ಯಾಡ್ ಮಾತ್ರ ಕಡ್ಡಾಯ ಮಾಡಿ. ಹೊಸಬರು ಮೊದಲು ಕಳೆದುಕೊಳ್ಳುವುದು ಕಾಲನ್ನು. ಕಾಲು ಹೋದವರು ಮಂಡಿಯೂರಿ ಕಾದಬೇಕು, ಒಣ ಹುಲ್ಲಿನ ಕೆಳಗೆ ಕಲ್ಲಿರುತ್ತದೆ.

ಎರವಲು ಸಾಮಾನಿನ ರಾಶಿಯಿಂದ ಕತ್ತಿ ಆರಿಸಿಕೊಡುವಾಗ ಅಳತೆ ನೋಡಬೇಕು. 36 ಇಂಚಿನವರೆಗಿನದು ಶಾರ್ಟ್, ಅಲ್ಲಿಂದ 48ರವರೆಗೆ ಲಾಂಗ್, ಅದರ ಮೇಲಿನದು ಗ್ರೇಟ್. ಕೈಯನ್ನು ಪಕ್ಕಕ್ಕೆ ಇಳಿಬಿಟ್ಟು ಕತ್ತಿ ಹಿಡಿದಾಗ ತುದಿ ನೆಲಕ್ಕೆ ತಾಗದಂತೆ ಸ್ವಲ್ಪ ಮೇಲೆ ನಿಲ್ಲಬೇಕು. ಸಾಮಾನ್ಯ ಎತ್ತರದವರಿಗೆ ಇದು 34–36 ಇಂಚಿಗೆ ಬಂದು ಕೂರುತ್ತದೆ. ಉದ್ದದ ಕತ್ತಿ ಕೊಟ್ಟರೆ ದೂರದಿಂದ ಹೊಡೆಯಬಹುದೆಂದು ಹೊಸಬರು ಖುಷಿಪಡುತ್ತಾರೆ. ಬೀಸಿದ್ದನ್ನು ವಾಪಸು ತರುವಷ್ಟರಲ್ಲಿ ಎದುರಾಳಿ ಒಳಗೆ ನುಗ್ಗಿರುತ್ತಾನೆ. ಕೊಡುವ ಮುನ್ನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒಳಗಿನ ಫೈಬರ್‌ಗ್ಲಾಸ್ ಕಡ್ಡಿ ಬೆರಳಿಗೆ ಸಿಕ್ಕರೆ ಫೋಮ್ ಸತ್ತಿದೆ ಎಂದರ್ಥ, ಆ ಕತ್ತಿ ಆ ದಿನ ಮೈದಾನಕ್ಕೆ ಇಳಿಯಕೂಡದು.

ಗುರಾಣಿಯನ್ನು ಚದರ ಅಡಿಯಲ್ಲಿ ಅಳೆಯುತ್ತಾರೆ: ಸಣ್ಣದು 3, ಮಧ್ಯಮ 5, ದೊಡ್ಡದು 8ರವರೆಗೆ. ದುಂಡಗಿನ ಗುರಾಣಿಯಾದರೆ 5 ಚದರ ಅಡಿ ಅಂದರೆ ಸುಮಾರು 30 ಇಂಚು ವ್ಯಾಸ. ಹೊಸಬರಿಗೆ ಅದೇ ಸಾಕು. 8 ಚದರ ಅಡಿಯದನ್ನು ಕೊಟ್ಟರೆ ಅದರ ಹಿಂದೆ ಅಡಗಿ ನಿಲ್ಲುತ್ತಾರೆ, ಏನೂ ಕಾಣಿಸುವುದಿಲ್ಲ, ತೋಳು ಬೇಗ ಸೋಲುತ್ತದೆ. ಮೇಲಂಚು ಮೂಗಿನ ಮಟ್ಟಕ್ಕೆ, ಮುಂಗೈ ಪಟ್ಟಿ ಬಿಗಿಯಾಗಿ. ಪಟ್ಟಿ ಸಡಿಲವಿದ್ದರೆ ಪೆಟ್ಟು ಬಿದ್ದಾಗ ಗುರಾಣಿ ತಿರುಗಿ ಪಕ್ಕೆ ತೆರೆದುಕೊಳ್ಳುತ್ತದೆ. ಕತ್ತಿ ಬೀಸಿದಾಗಲೆಲ್ಲ ಗುರಾಣಿಯ ಕೈ ತಾನಾಗಿಯೇ ಕೆಳಗಿಳಿಯುವುದು ಎಲ್ಲ ಹೊಸಬರಲ್ಲೂ ಇರುವ ಚಾಳಿ. ಬಾಯಲ್ಲಿ ಹೇಳಿದರೆ ಹೋಗುವಂಥದ್ದಲ್ಲ. ಜೊತೆಗಾರರು ಪ್ರತಿ ಬೀಸಿಗೂ ತೆರೆದ ಭುಜಕ್ಕೆ ಮೆತ್ತಗೆ ಒಂದು ಕೊಡುತ್ತಾ ಹೋದರೆ ತಾನಾಗಿ ಬಿಡುತ್ತದೆ.

ಇನ್ನು ವಿಝಾರ್ಡ್. ಮೊದಲ ಲೆವೆಲ್ಲಿನಲ್ಲಿ ಸಿಗುವುದು 5 ಅಂಕ. ಮಂತ್ರ ಕೊಳ್ಳುವುದೂ ಅದರಲ್ಲೇ, ಒಳ್ಳೆಯ ಆಯುಧ ಬೇಕೆಂದರೆ ಅದೂ ಅದರಲ್ಲೇ. ಕವಚವಿಲ್ಲ. ಮಂತ್ರವನ್ನು ದೂರದವರಿಗೂ ಕೇಳುವಂತೆ, ನಿಂತ ಜಾಗ ಬಿಡದೆ, ಒಂದಕ್ಷರ ತಪ್ಪದೆ ಹೇಳಿ ಮುಗಿಸಬೇಕು. ಮಧ್ಯದಲ್ಲಿ ಹೆಜ್ಜೆ ಎತ್ತಿದರೆ ಮೊದಲಿಂದ ಶುರು. ಮಗ್ಗಿ, ಶ್ಲೋಕ ಬಾಯಿಪಾಠ ಮಾಡಿ ಬೆಳೆದ ನಮ್ಮವರ ಮಕ್ಕಳು ಇದೇನು ಮಹಾ ಅನ್ನಬಹುದು. ಮಗ್ಗಿ ಹೇಳುವಾಗ ಯಾರೂ ಕತ್ತಿ ಹಿಡಿದು ಎದುರಿಗೆ ಓಡಿಬರುವುದಿಲ್ಲ, ಅಷ್ಟೇ ವ್ಯತ್ಯಾಸ. ಪೆಟ್ಟು ಬರುವ ದಾರಿ ಇನ್ನೂ ಕಣ್ಣಿಗೆ ಕಾಣಿಸದವರು ಮಂತ್ರದ ಎರಡನೆಯ ಸಾಲಿಗೇ ಸಾಯುತ್ತಾರೆ. ತಮಗೆ ಮಂತ್ರ ಬರುವುದಿಲ್ಲ ಅಂದುಕೊಂಡು ಮನೆಗೆ ಹೋಗುತ್ತಾರೆ. ನಿಜವಾಗಿ ಬಾರದೆ ಇದ್ದದ್ದು ಅಂತರದ ಅಂದಾಜು.

ಬಿಲ್ಲುಗಾರರ ತೊಂದರೆ ಬೇರೆ, ಅದು ಸಾಮಾನಿನದು. ಬಿಲ್ಲಿನ ಸೆಳೆತ 35 ಪೌಂಡ್ ಮೀರುವಂತಿಲ್ಲ. ಬೇಟೆಗೆಂದು ಮಾರುವ ಬಿಲ್ಲುಗಳು ಸಾಮಾನ್ಯವಾಗಿ 40ರ ಮೇಲೆಯೇ ಇರುತ್ತವೆ, ಆತುರದಲ್ಲಿ ಕೊಂಡು ತಂದವರನ್ನು ತಪಾಸಣೆಯಲ್ಲಿ ವಾಪಸು ಕಳಿಸಬೇಕಾಗುತ್ತದೆ. ಬಾಣದ ಫೋಮ್ ತಲೆ ಅಲುಗಾಡುತ್ತಿದೆಯೇ, ಕಡ್ಡಿಯಲ್ಲಿ ಸೀಳು ಬಿಟ್ಟಿದೆಯೇ ಅಂತ ಒಂದೊಂದನ್ನೂ ನೋಡಬೇಕು. ತುಳಿದ ಬಾಣವನ್ನು ಮತ್ತೆ ಪರೀಕ್ಷಿಸದೆ ಹೂಡಬಾರದು. ಹತ್ತಿರದವರ ಮೇಲೆ ಪೂರ್ತಿ ಸೆಳೆದು ಬಿಡುವಂತಿಲ್ಲ. ಮೊದಲ ತಿಂಗಳಿಗೆ ಇದು ಬೇಡ.

ಅಸಾಸಿನ್ ಆದವರು ಮರದ ಹಿಂದೆ ಕಾಯುತ್ತಾ ಇಡೀ ಆಟದಲ್ಲಿ ಎರಡೋ ಮೂರೋ ಸಲ ಕತ್ತಿ ಎತ್ತುತ್ತಾರೆ, ಅಷ್ಟೇ. ಅದೇ ಹೊತ್ತಿನಲ್ಲಿ ಸಾಲಿನಲ್ಲಿ ನಿಂತ ವಾರಿಯರ್ ಹತ್ತಾರು ಸಲ ಕಾದಿರುತ್ತಾನೆ. ಮಾಂಕ್ ಬಾಣವನ್ನು ಕೈಯಿಂದ ತಡೆಯಬಲ್ಲ ನಿಜ, ಆದರೆ ಕವಚವೂ ಇಲ್ಲ ಗುರಾಣಿಯೂ ಇಲ್ಲ. ಪೆಟ್ಟು ತಪ್ಪಿಸಿಕೊಳ್ಳಲು ಕಲಿತವರಿಗೆ ಅದು ಸೊಗಸಾದ ಕ್ಲಾಸ್. ಪ್ಯಾಲಡಿನ್ ಹೊಸಬರ ಕೈಗೆಟಕುವ ಮಾತೇ ಅಲ್ಲ, ಮೊದಲು ಆಟದಲ್ಲಿ ನೈಟ್ ಎಂಬ ಗೌರವ ಪದವಿ ಬರಬೇಕು.

ವಾರಿಯರ್ ಹೊಂದದವರೂ ಇದ್ದಾರೆ. ಮಂಡಿ ನೋವಿರುವವರು, ಓಡಲಾಗದವರು, ಜನರ ನುಗ್ಗಾಟ ಕಂಡರೆ ಹಿಂಜರಿಯುವವರು. ಅವರಿಗೆ ಹೀಲರ್ ಕೊಡಿ. ಸಾಲಿನ ಹಿಂದೆ ನಿಂತು ಗಾಯಾಳುಗಳ ಪಕ್ಕ ಕೂತು ಮಂತ್ರ ಹೇಳುವ ಕೆಲಸ. ಮಂತ್ರಗಳ ಪಟ್ಟಿಯನ್ನೆಲ್ಲ ಕೊಡದೆ ಗಾಯ ವಾಸಿ ಮಾಡುವ ಒಂದೇ ಮಂತ್ರ ಬಾಯಿಗೆ ಬರಿಸಿ. ಹೀಲರ್ ಗುರುತಿನ ಕೆಂಪು ಬಟ್ಟೆಪಟ್ಟಿ ಕಟ್ಟಿಕೊಂಡವರನ್ನು ಎದುರು ಪಕ್ಷ ಮೊದಲು ಬೇಟೆಯಾಡುತ್ತದೆ, ಆದ್ದರಿಂದ ಗಟ್ಟಿ ಗುರಾಣಿಯವರೊಬ್ಬರನ್ನು ಜೊತೆಗೆ ಹಾಕಿ. ಒಂಟಿಯಾಗಿ ಬಿಟ್ಟರೆ ಹೀಲರ್ ಕೂಡ ವಿಝಾರ್ಡ್ ದಾರಿಯನ್ನೇ ಹಿಡಿಯುತ್ತಾರೆ. ಕನ್ನಡಕದವರಿಗೆ ಹಿಂದೆ ಕಟ್ಟುವ ಪಟ್ಟಿ ಬೇಕು. ತಲೆಗೆ ಹೊಡೆಯಬಾರದೆಂಬ ನಿಯಮ ಇದ್ದರೂ ಕೈ ತಪ್ಪುವುದು ಇದ್ದದ್ದೇ. ವಯಸ್ಸು 14 ತುಂಬದವರನ್ನು ಕಾದಾಟಕ್ಕೆ ಇಳಿಸುವಂತಿಲ್ಲ, ಅಪ್ಪ ಅಮ್ಮ ಎಷ್ಟು ಕೇಳಿಕೊಂಡರೂ.

‘ಈಗ ವಾರಿಯರ್ ಅಂತ ಬರೆಸಿದರೆ ಆಮೇಲೆ ವಿಝಾರ್ಡ್ ಆಗಲು ತಡವಾಗುವುದಿಲ್ಲವೇ’ ಎಂಬ ಪ್ರಶ್ನೆ ಮೇಜಿನ ಮುಂದೆ ಬಂದೇ ಬರುತ್ತದೆ. ಬಂದು ಆಡಿದ್ದಕ್ಕೆ ಒಂದು ಕ್ರೆಡಿಟ್, ಅದು ಆ ದಿನ ಬರೆಸಿದ ಕ್ಲಾಸಿಗೆ ಸೇರುತ್ತದೆ. ಎರಡನೆಯ ಲೆವೆಲ್ಲಿಗೆ 5 ಕ್ರೆಡಿಟ್, ಮೂರಕ್ಕೆ 12, ನಾಲ್ಕಕ್ಕೆ 21, ಐದಕ್ಕೆ 34, ಆರಕ್ಕೆ 53. ವಾರಕ್ಕೊಮ್ಮೆ ತಪ್ಪದೆ ಬಂದರೂ ಕೊನೆಯ ಲೆವೆಲ್ ಒಂದು ವರ್ಷದ ದಾರಿ. ಅದರಲ್ಲಿ ಐದಾರು ವಾರ ವಾರಿಯರ್‌ಗೆ ಹೋದರೆ ಕಳೆದುಕೊಳ್ಳುವುದು ಏನೂ ಇಲ್ಲ, ಆ ಕ್ರೆಡಿಟ್‌ಗಳೂ ಅಳಿಸಿಹೋಗುವುದಿಲ್ಲ.

ಬದಲಾಯಿಸಲು ಹೊತ್ತು ಬಂತೇ ಎಂದು ತಿಳಿಯಲು ಸತ್ತು ಹೊರಗೆ ಬಂದವರನ್ನು ಕೇಳಿ: ಯಾರು ಹೊಡೆದರು, ಯಾವ ಕಡೆಯಿಂದ? ‘ಗೊತ್ತಾಗಲಿಲ್ಲ’ ಅಂದರೆ ಇನ್ನೂ ಎರಡು ವಾರ ಗುರಾಣಿ ಹಿಡಿಯಲಿ. ‘ಎಡಗಡೆ ಈಟಿಯವನು, ನಾನು ಬಲಕ್ಕೆ ನೋಡುತ್ತಿದ್ದೆ’ ಅಂದರೆ ವಿಝಾರ್ಡ್ ಗುರುತಿನ ಹಳದಿ ಪಟ್ಟಿ ಕೊಡಬಹುದು. ಆಗಲೂ 5 ಅಂಕವನ್ನು ಎರಡು ಮಂತ್ರಕ್ಕಿಂತ ಹೆಚ್ಚಿಗೆ ಹರಡಬೇಡಿ. ಎರಡನ್ನೂ ಸಣ್ಣ ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಮುಂಗೈಗೆ ಟೇಪಿನಿಂದ ಅಂಟಿಸಿಕೊಳ್ಳಲಿ. ಜೇಬಿನಲ್ಲಿಟ್ಟ ಚೀಟಿ ಬೆವರಿಗೆ ನೆನೆದು ಎರಡನೆಯ ಆಟಕ್ಕೇ ಮುದ್ದೆಯಾಗಿರುತ್ತದೆ.