ಕ್ಯೂ ಅಕ್ಷರದ ಕಾಯಿನ್

ಇಂಗ್ಲಿಷಿನಲ್ಲಿ ಎರಡು 'ಕಾಯಿನ್' ಇವೆ. ಸಿ ಅಕ್ಷರದ್ದು ನಾಣ್ಯ, ಎಲ್ಲರಿಗೂ ಗೊತ್ತು. ಕ್ಯೂ ಅಕ್ಷರದ್ದು ಅಪರೂಪ. ಕೆಲವರು 'ಕ್ವಾಯಿನ್' ಅಂತಲೂ ಅನ್ನುತ್ತಾರೆ. ಭಾನುವಾರ ಮುಂಬಯಿಯ ಮಾಟುಂಗದಲ್ಲಿ ನಮ್ಮ ಅನುವಾದಕರ ಬಳಗ ಕೂತಿದ್ದಾಗ ಹಳೆಯ ಯುದ್ಧನೌಕೆಗಳ ಬಗೆಗಿನ ಬರಹವೊಂದರಲ್ಲಿ ಅದು ಎದುರಾಯಿತು. ನಿಘಂಟು ತೆರೆದರೆ ಮೊದಲ ಅರ್ಥ ಮೂಲೆಗಲ್ಲು. "ಹಡಗಿನಲ್ಲಿ ಮೂಲೆಗಲ್ಲು ಎಲ್ಲಿಂದ ಬಂತು ಸರ್?" ಎಂದು ಕಿರಿಯ ಗೆಳತಿಯೊಬ್ಬರು ಕೇಳಿದರು. ಸರಿಯಾದ ಪ್ರಶ್ನೆ.

ಲ್ಯಾಟಿನ್ನಿನ 'ಕ್ಯೂನಿಯಸ್' ಅಂದರೆ ಬೆಣೆ. ಅದು ಹಳೆಯ ಫ್ರೆಂಚಿಗೆ ಬಂದಾಗ ಬೆಣೆಯೂ ಆಯಿತು, ಮೂಲೆಯೂ ಆಯಿತು. ನಾಣ್ಯ ಒತ್ತುವ ಅಚ್ಚು ಬೆಣೆಯಾಕಾರದಲ್ಲಿತ್ತು, ಹಾಗಾಗಿ ದುಡ್ಡಿಗೂ ಅದೇ ಹೆಸರು ಬಂತು. ಆದ್ದರಿಂದ ಈ ಪದ ಸಿಕ್ಕಲ್ಲೆಲ್ಲ ನಾವು ಕೇಳಬೇಕಾದ್ದು ಇಷ್ಟೇ: ಇಲ್ಲಿ ಒತ್ತುವ ಕೆಲಸವೋ, ಮೂಲೆಯ ಕೆಲಸವೋ?

ಫಿರಂಗಿಯಲ್ಲಿ ಒತ್ತುವ ಕೆಲಸ. ನಳಿಕೆ ಎರಡು ಪಕ್ಕದ ಗುಬುಟುಗಳ ಮೇಲೆ ತೂಗುತ್ತದೆ. ಹಿಂಭಾಗ ತುಸು ಭಾರ, ಅದರಡಿಗೆ ಮರದ ಬೆಣೆ. ಸನ್ನೆಕೋಲಿನಿಂದ ಹಿಂಭಾಗವನ್ನು ಎತ್ತಿ ಬೆಣೆಯನ್ನು ಒಳಗೆ ತಳ್ಳಿದರೆ ಬಾಯಿ ತಗ್ಗುತ್ತದೆ. ಹೊರಗೆಳೆದರೆ ಬಾಯಿ ಮೇಲೇಳುತ್ತದೆ, ಗುಂಡು ಇನ್ನಷ್ಟು ದೂರ ಹೋಗುತ್ತದೆ.

ಬಳಗದಲ್ಲಿ ಮುದ್ರಣಕ್ಕೆ ಸೀಸದ ಅಚ್ಚುಮೊಳೆ ಜೋಡಿಸಿ ಪಳಗಿದ ಹಿರಿಯರೊಬ್ಬರಿದ್ದಾರೆ. ಅವರು ಚೀಲದಿಂದ ಕಬ್ಬಿಣದ ಎರಡು ತುಂಡು ತೆಗೆದು ಮೇಜಿನ ಮೇಲಿಟ್ಟರು. ಎರಡೂ ಇಳಿಜಾರು, ಒಳಮೈಯಲ್ಲಿ ಹಲ್ಲು. ಇಳಿಜಾರುಗಳನ್ನು ಎದುರುಬದುರಾಗಿಸಿ ನಡುವೆ ಕೀಲಿ ತಿರುಗಿಸಿದರೆ ಒಂದರ ಮೇಲೊಂದು ಜಾರಿ ಜೋಡಿ ಅಗಲವಾಗುತ್ತದೆ. ಅಚ್ಚುಕೂಟದಲ್ಲಿ ಮೊಳೆಗಳನ್ನು ಬಿಗಿಯುವ ಕಾಯಿನ್ ಇದೇ. ಇದಕ್ಕೂ ಮುಂಚೆ ಮರದ ಬೆಣೆಗಳನ್ನೇ ಸುತ್ತಿಗೆಯಿಂದ ಹೊಡೆದು ಬಿಗಿಯುತ್ತಿದ್ದರು.

ಸಮತಟ್ಟಾದ ಕಲ್ಲಿನ ಮೇಲೆ ಪುಟದ ಮೊಳೆಗಳನ್ನಿಟ್ಟು ಸುತ್ತ ಚೇಸ್ ಎಂಬ ಕಬ್ಬಿಣದ ಚೌಕಟ್ಟು ಇಡಬೇಕು. ಸಂದಿಗೆ ಫರ್ನಿಚರ್ ಎನ್ನುವ ಮರದ ಪಟ್ಟಿಗಳು. ಕಾಯಿನ್ ನಾಲ್ಕೂ ಕಡೆ ಬೇಡ, ಅಕ್ಕಪಕ್ಕದ ಎರಡು ಬದಿಗಳಲ್ಲಿ ಸಾಕು. ಮೊದಲು ಬೆರಳಿನಷ್ಟೇ ಬಿಗಿ. ಆಮೇಲೆ ಮೊಳೆಗಳ ಮೇಲೆ ಮರದ ಹಲಗೆ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಮಟ್ಟ ಮಾಡಬೇಕು, ಏಕೆಂದರೆ ಪೂರ್ತಿ ಬಿಗಿದ ಮೇಲೆ ಎದ್ದ ಮೊಳೆ ಕೂರುವುದಿಲ್ಲ. ಮೊಳೆಯ ಎತ್ತರ 0.918 ಇಂಚು, ಕೂದಲೆಳೆಯಷ್ಟು ಎದ್ದರೂ ಆ ಅಕ್ಷರ ಕಪ್ಪಾಗಿ ಒತ್ತುತ್ತದೆ. ಆಮೇಲೆ ಒಂದು ಬದಿ ಸ್ವಲ್ಪ, ಇನ್ನೊಂದು ಬದಿ ಸ್ವಲ್ಪ, ಹೀಗೆ ಸರದಿಯಲ್ಲಿ ಬಿಗಿ. ಕೊನೆಗೆ ಚೌಕಟ್ಟಿನ ಒಂದು ಮೂಲೆಯಡಿ ಕೀಲಿ ಕೊಟ್ಟು ಎತ್ತಿ, ಬೆರಳಿನಿಂದ ಮೊಳೆಗಳನ್ನು ಒತ್ತಿ ನೋಡಬೇಕು. ಅಲುಗಿದ ಸಾಲಿಗೆ ತೆಳು ಸ್ಪೇಸ್, ಅಂದರೆ ಅಕ್ಷರವಿಲ್ಲದ ಖಾಲಿ ಮೊಳೆ, ತುಂಬಬೇಕು.

"ಸಾಲು ಗಿಡ್ಡವಿದ್ದರೆ ಕಾಯಿನ್ ಎಷ್ಟು ಬಿಗಿದರೂ ಪ್ರಯೋಜನವಿಲ್ಲ," ಅಂದರು ಹಿರಿಯರು. "ನಮ್ಮ ಒತ್ತಕ್ಷರದ ಮೊಳೆ ತೆಳುವಲ್ಲವೇ, ಮಸಿಯ ರೋಲರ್ ಮೊದಲು ಕಿತ್ತುಕೊಂಡು ಹೋಗುವುದು ಅದನ್ನೇ." ಅತಿ ಬಿಗಿದರೂ ಕೆಡುಕೇ: ನಡುವೆ ಮೊಳೆಗಳು ಕಮಾನಿನಂತೆ ಉಬ್ಬುತ್ತವೆ. ಇನ್ನೊಂದು ತೊಂದರೆ ಕಣ್ಣಿಗೆ ಬೀಳುವುದೇ ಇಲ್ಲ. ಫರ್ನಿಚರಿನ ಎರಡು ಪಟ್ಟಿಗಳ ತುದಿ ಒಂದಕ್ಕೊಂದು ತಾಗಿದರೆ ಒತ್ತಡವೆಲ್ಲ ಅವುಗಳಲ್ಲೇ ಉಳಿದು ಮೊಳೆಗಳು ಸಡಿಲವಾಗಿಯೇ ಇರುತ್ತವೆ.

ಮೂಲೆಯ ಅರ್ಥವನ್ನು ಕಣ್ಣಾರೆ ನೋಡಲು ಸಂಜೆ ಲೋಕಲ್ ಹಿಡಿದು ಫೋರ್ಟಿಗೆ ಹೋದೆವು. ಹಳೆಯ ಕಲ್ಲಿನ ಕಟ್ಟಡದ ಮೂಲೆಯಲ್ಲಿ ನಿಂತು ಒಂದೇ ಕಲ್ಲಿನ ಎರಡು ಮುಖ ನೋಡಿ: ಒಂದು ಗೋಡೆಯಲ್ಲಿ ಉದ್ದ, ಇನ್ನೊಂದರಲ್ಲಿ ಗಿಡ್ಡ. ಮೇಲಿನ ವರಸೆಯಲ್ಲಿ ತಿರುವುಮುರುವು. ಎರಡು ಗೋಡೆ ಕಚ್ಚಿಕೊಳ್ಳುವುದು ಹೀಗೆಯೇ. ಸಂದುಗಳು ಒಂದೇ ನೇರಕ್ಕೆ ಬಂದರೆ ಮೂಲೆ ಬಿರುಕು ಬಿಡುತ್ತದೆ. ಮೇಸ್ತ್ರಿಗಳು ಮೂಲೆಗಳನ್ನೇ ಮೊದಲು ಕೆಲವು ವರಸೆ ಎಬ್ಬಿಸಿ, ತೂಗುಗುಂಡು ಬಿಟ್ಟು ನೋಡಿ, ಮೂಲೆಯಿಂದ ಮೂಲೆಗೆ ದಾರ ಕಟ್ಟಿ ನಡುವಿನ ಗೋಡೆ ತುಂಬುತ್ತಾರೆ. ಗಾರೆಯಲ್ಲಿ ಕೊರೆದ ತೋರಿಕೆಯ ಮೂಲೆಗಲ್ಲುಗಳೂ ಇರುತ್ತವೆ, ಬರಿಯ ಅಲಂಕಾರ.

ಯುದ್ಧನೌಕೆಯ ಆ ವಾಕ್ಯಕ್ಕೆ 'ಫಿರಂಗಿಯಡಿಯ ಬೆಣೆಯನ್ನು ಹಿಂದಕ್ಕೆಳೆದರು' ಎಂದು ಬರೆದೆವು. ಮುಂದಿನ ಅಧ್ಯಾಯದಲ್ಲಿ ಹಡಗುಗಳ ಡಾಕಿನ 'ಹಾಲೋ ಕಾಯಿನ್' ಕಾದಿದೆ. ಅದಕ್ಕೆ 'ಟೊಳ್ಳು ಬೆಣೆ' ಅಂದರೆ ಅಸಂಬದ್ಧ. ನೀರು ತಡೆಯುವ ಕದದ ತಿರುಗುಗಂಬ ಕೂರಲು ಗೋಡೆಯ ಕಲ್ಲಿನಲ್ಲಿ ಕಡೆದ ಅರೆದುಂಡನೆಯ ಕೊರಕಲು ಅದು. ಕದ ಮುಚ್ಚಿದಾಗ ನೀರಿನ ಒತ್ತಡವೇ ಕಂಬವನ್ನು ಕೊರಕಲಿಗೆ ಒತ್ತಿ ಹಿಡಿಯುತ್ತದೆ. ಸದ್ಯಕ್ಕೆ 'ಕದಗಂಬದ ಗೂಡು' ಎಂದು ಗುರುತು ಹಾಕಿಕೊಂಡಿದ್ದೇವೆ.