ಪಿಯುಸಿಯಲ್ಲಿ ಕಲಿತ ಗಣಿತದ ಸಾಧನೆಗಳು

ನಾನು ಪಿಯುಸಿ ಓದಿದ್ದು 2012ರಲ್ಲಿ ರಾಷ್ಟ್ರಮಟ್ಟದ ಎನ್‌ಸಿಇಆರ್‌ಟಿ ಪಠ್ಯಕ್ರಮ ಬರುವುದಕ್ಕೆ ಮುಂಚೆ. ಆಗ ದ್ವಿತೀಯ ಪಿಯುಸಿ ಬೀಜಗಣಿತದಲ್ಲಿ ಸಂಖ್ಯಾಸಿದ್ಧಾಂತ, ಗ್ರೂಪ್ (ಕೆಲವು ನಿಯಮಗಳನ್ನು ಪಾಲಿಸುವ ಒಂದು ಕ್ರಿಯೆಯಿರುವ ಗಣ) ಎಂಬ ಎರಡು ಅಧ್ಯಾಯಗಳಿದ್ದವು. ಎಸ್ಸೆಸ್ಸೆಲ್ಸಿಯ ರೇಖಾಗಣಿತದಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ (ಪ್ರೂಫ್) ಎಂದು ಬರೆದು ರೂಢಿಯಾಗಿದ್ದ ನಮಗೆ, ಚಿತ್ರದ ಆಸರೆಯಿಲ್ಲದೆ ಬರಿಯ ವ್ಯಾಖ್ಯೆಯಿಂದಲೇ ತರ್ಕಿಸಬೇಕಾದ ಗಣಿತ ಮೊದಲು ಎದುರಾದದ್ದು ಅಲ್ಲಿಯೇ.

ಅವು ನಾಲ್ಕೈದು ಸಾಲಿನ ಸಾಧನೆಗಳು. ಬಾಯಿಪಾಠ ಮಾಡಿ ಕೊನೆಗೆ 'ಹೆನ್ಸ್ ಪ್ರೂವ್ಡ್' ಎಂದು ಬರೆದರೆ ಪರೀಕ್ಷೆಯಲ್ಲಿ ಪೂರ್ತಿ ಅಂಕ. ನಮ್ಮ ಉಪನ್ಯಾಸಕರಿಗೆ ಅಷ್ಟು ಸಾಲುತ್ತಿರಲಿಲ್ಲ. ಗ್ರೂಪಿನ ಪ್ರತಿ ಗಣಾಂಶಕ್ಕೂ ಒಂದೇ ವಿಲೋಮ (ಕೂಡುವಾಗ 5ಕ್ಕೆ −5 ಇದ್ದಂತೆ) ಎಂದು ತೋರಿಸುವಾಗ, ಎರಡು ವಿಲೋಮಗಳಿವೆಯೆಂದು ಭಾವಿಸಿ, ಮೂರು ಗಣಾಂಶಗಳ ನಡುವಿನ ಆವರಣವನ್ನು ಎಡಕ್ಕೆ ಸರಿಸಿದೊಡನೆ ಎರಡೂ ಒಂದೇ ಎಂದು ಸಿದ್ಧವಾಗುತ್ತದೆ. ಆವರಣ ಸರಿದ ಸಾಲಿನಲ್ಲಿ ಅವರು ನಿಲ್ಲಿಸಿ, "ಇದನ್ನು ಯಾವ ಅಧಿಕಾರದಿಂದ ಮಾಡಿದಿರಿ?" ಎಂದು ಕೇಳುತ್ತಿದ್ದರು. ಬಲಗಡೆಯ ಅಂಚಿನಲ್ಲಿ 'ಸಹವರ್ತನೀಯ ನಿಯಮ' (ಆವರಣ ಎಲ್ಲಿ ಹಾಕಿದರೂ ಫಲ ಒಂದೇ ಎಂಬ ನಿಯಮ) ಎಂದು ಬರೆಯದಿದ್ದರೆ ಉತ್ತರಪತ್ರಿಕೆ ವಾಪಸು ಬರುತ್ತಿತ್ತು.

ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಎಂಬ ಯೂಕ್ಲಿಡನ ಸಾಧನೆಗೆ ಒಂದು ಪೀರಿಯಡ್ಡನ್ನೇ ಮೀಸಲಿಟ್ಟಿದ್ದರು. ಮೊದಲ ಕೆಲವು ಅವಿಭಾಜ್ಯಗಳನ್ನು ಗುಣಿಸಿ ಒಂದು ಕೂಡಿಸಿದರೆ ಹೊಸ ಅವಿಭಾಜ್ಯವೇ ಸಿಗುತ್ತದೆಂದು ತರಗತಿಗೆ ತರಗತಿಯೇ ನಂಬಿತ್ತು. ಅವರು 2ರಿಂದ 13ರವರೆಗಿನ ಅವಿಭಾಜ್ಯಗಳನ್ನು ಗುಣಿಸಿ, ಒಂದು ಸೇರಿಸಿ, ಹಲಗೆಯ ಮೇಲೆ 30031 ಎಂದು ಬರೆದು, ಅದರ ಕೆಳಗೆ 59 × 509 ಎಂದು ಬರೆದರು. ಪಟ್ಟಿಯಲ್ಲಿರುವ ಯಾವುದರಿಂದ ಭಾಗಿಸಿದರೂ ಒಂದು ಉಳಿಯುವುದರಿಂದ, ಆ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳು ಪಟ್ಟಿಯ ಹೊರಗಿವೆ ಎಂಬುದಷ್ಟೇ ಯೂಕ್ಲಿಡನ ವಾದ. ಆ ಸಂಖ್ಯೆಯೇ ಅವಿಭಾಜ್ಯವಾಗಬೇಕಿಲ್ಲ.

ಇದು ಸಿಇಟಿಗೆ ಉಪಯೋಗವಿಲ್ಲವೆಂಬ ಗೊಣಗಾಟ ಹಿಂದಿನ ಬೆಂಚುಗಳಲ್ಲಿತ್ತು. ಅದು ಸುಳ್ಳೇನಲ್ಲ; 80 ನಿಮಿಷಕ್ಕೆ 60 ಪ್ರಶ್ನೆ ಬಿಡಿಸುವವರನ್ನು ಕಾರಣ ಯಾರೂ ಕೇಳುವುದಿಲ್ಲ. ಆದರೆ ಬಿಎಸ್ಸಿಯಲ್ಲಿ ವಾಸ್ತವ ವಿಶ್ಲೇಷಣೆ (ಮಿತಿ, ಸಾತತ್ಯಗಳನ್ನು ವ್ಯಾಖ್ಯೆಯಿಂದಲೇ ಸಾಧಿಸುವ ಗಣಿತ) ಆರಂಭವಾದಾಗ, 'ಯಾವುದೇ' ಮತ್ತು 'ಯಾವುದೋ ಒಂದು' ಎಂಬುದರ ವ್ಯತ್ಯಾಸ ಹೊಸದೆನಿಸದೆ ಕೂತವರಲ್ಲಿ ನಾನೂ ಒಬ್ಬ.

ಹೊಸ ಪಠ್ಯದಲ್ಲಿ ಆ ಎರಡೂ ಅಧ್ಯಾಯಗಳು ಹೋದವು. ದೇಶಕ್ಕೆಲ್ಲ ಒಂದೇ ಬಗೆಯ ಪಠ್ಯ ಬೇಕೆಂಬ ವಾದ ನನಗೆ ಅರ್ಥವಾಗುತ್ತದೆ. ಎನ್‌ಸಿಇಆರ್‌ಟಿಯ 2023ರ ಮರುಮುದ್ರಣದಲ್ಲಿ ಹನ್ನೊಂದನೆಯ ತರಗತಿಯ ಗಣಿತೀಯ ಅನುಗಮನವೂ (ಒಂದು ಸಂಖ್ಯೆಗೆ ನಿಜವಾದರೆ ಮುಂದಿನದಕ್ಕೂ ನಿಜ ಎಂದು ತೋರಿಸುತ್ತಾ ಹೋಗುವ ಸಾಧನೆಯ ಕ್ರಮ) ಇಲ್ಲವಾದದ್ದಕ್ಕೆ ಮಾತ್ರ ಸಮಾಧಾನ ತಂದುಕೊಳ್ಳಲಾರೆ. ಈಗ ಸಾಧನೆ ಕಲಿಸಲು ಉಳಿದಿರುವ ಒಳ್ಳೆಯ ಜಾಗ ದ್ವಿತೀಯ ಪಿಯುಸಿಯ ಮೊದಲ ಅಧ್ಯಾಯವಾದ ಸಂಬಂಧಗಳು ಮತ್ತು ಫಲನಗಳು. ಸಿಇಟಿ ತರಗತಿಗಳ ಧಾವಂತದಲ್ಲಿ ಅದನ್ನೂ ವಾರದೊಳಗೆ ಮುಗಿಸಬೇಡಿರೆಂದು ಇಂದಿನ ಉಪನ್ಯಾಸಕರಲ್ಲಿ ನನ್ನ ವಿನಂತಿ.