ಮರಳು ಹೋಗುತ್ತದೆ ಎಂದು ಪ್ರಸ್ತಾವನೆಯಲ್ಲೇ ಬರೆಯಿರಿ

ಕಡಲ್ಕೊರೆತಕ್ಕೆ ಸಿಕ್ಕ ಊರುಗಳಿಗಾಗಿ ಸರ್ಕಾರಿ ಅನುದಾನದ ಪ್ರಸ್ತಾವನೆ ಸಿದ್ಧಪಡಿಸುವುದು ನನ್ನ ಕೆಲಸ. ಸರ್ವೆಯವರ ಅಂಕಿಅಂಶ, ಎಂಜಿನಿಯರುಗಳ ನಕ್ಷೆ, ಊರಿನವರ ಅಹವಾಲು ಎಲ್ಲವೂ ನನ್ನ ಮೇಜಿಗೆ ಬಂದು ಒಂದು ಕಡತವಾಗುತ್ತವೆ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಮೊದಲು ಹೇಳುವ ಮಾತು ಇದು: ಕೊರೆದುಹೋದ ತೀರವನ್ನು ತುಂಬಲು ನಾವು ತಂದು ಹಾಕುವ ಮರಳು ಅಲ್ಲೇ ನಿಲ್ಲುವುದಿಲ್ಲ. ಅದನ್ನು ಮೊದಲ ಪುಟದಲ್ಲೇ ಬರೆದುಬಿಡಿ.

ಹಾಗೆ ಬರೆದರೆ ಯಾರಾದರೂ ದುಡ್ಡು ಕೊಡುತ್ತಾರೆಯೇ ಎಂದು ಎಲ್ಲರೂ ಕೇಳುತ್ತಾರೆ. ಕೊಡುತ್ತಾರೆ. ಬರೆಯದೆ ಹೋದವರಿಗೂ ಒಮ್ಮೆ ಸಿಗಬಹುದು, ಕಷ್ಟ ಬರುವುದು ಎರಡನೇ ಸಲ. ಹೊಸದಾಗಿ ಮರಳು ತುಂಬಿದ ತೀರವನ್ನು ಅಲೆಗಳು ತಮಗೆ ಬೇಕಾದ ಇಳಿಜಾರಿಗೆ ತಂದುಕೊಳ್ಳುತ್ತವೆ. ಮೊದಲ ಬಿರುಗಾಳಿ ಕಾಲದಲ್ಲೇ ಮೇಲಿನ ಮರಳಿನ ಒಂದು ಪಾಲು ನೀರಿನಡಿಗೆ ಇಳಿಯುತ್ತದೆ. ನೀರಿನಡಿಯ ಆ ದಿಬ್ಬವೇ ಅಲೆಯನ್ನು ದೂರದಲ್ಲಿ ಮುರಿಯುವುದರಿಂದ ಅದು ನಷ್ಟವಲ್ಲ, ವಿನ್ಯಾಸದ ಲೆಕ್ಕದೊಳಗೇ ಇರುವ ಸಂಗತಿ. ಆದರೆ ದಡದಲ್ಲಿ ನಿಂತವರ ಕಣ್ಣಿಗೆ ಬೀಳುವುದು ಕಿರಿದಾದ ತೀರ ಮಾತ್ರ. ಮೊದಲೇ ತಿಳಿಸದಿದ್ದರೆ ಜನರ ದುಡ್ಡನ್ನು ಸಮುದ್ರಕ್ಕೆ ಸುರಿದರು ಎಂಬ ಮಾತು ಹಬ್ಬುತ್ತದೆ. ಆಮೇಲೆ ಯಾವ ಅಧಿಕಾರಿಯೂ ಆ ಕಡತಕ್ಕೆ ಸಹಿ ಹಾಕಲು ಮುಂದೆ ಬರುವುದಿಲ್ಲ.

ಈ ವಿಷಯದಲ್ಲಿ ನಾನು ಸದಾ ತೋರಿಸುವ ಉದಾಹರಣೆ ನೆದರ್‌ಲೆಂಡ್ಸ್. ತಮ್ಮ ಕರಾವಳಿಯ ರೇಖೆ 1990ರಲ್ಲಿ ಎಲ್ಲಿತ್ತೋ ಅಲ್ಲೇ ಹಿಡಿದು ನಿಲ್ಲಿಸಬೇಕೆಂದು ಅವರು ಆಗಲೇ ತೀರ್ಮಾನಿಸಿದರು. 2001ರಿಂದ ವರ್ಷಕ್ಕೆ ಸುಮಾರು 1 ಕೋಟಿ 20 ಲಕ್ಷ ಘನ ಮೀಟರ್ ಮರಳು ತುಂಬುವುದು ಅವರ ಕ್ರಮ. 2011ರಲ್ಲಿ ಟೆರ್ ಹೈಡೆ ಬಳಿ ಒಂದೇ ಕಡೆ 2 ಕೋಟಿ 15 ಲಕ್ಷ ಘನ ಮೀಟರ್ ಹಾಕಿ, ಗಾಳಿ, ಅಲೆ, ಪ್ರವಾಹಗಳೇ ಅದನ್ನು ತೀರದುದ್ದಕ್ಕೂ ಹರಡಲಿ ಎಂದು ಬಿಟ್ಟರು. ಅಲ್ಲಿ ಮರಳು ಸರಿದುಹೋಗುವುದೇ ಯೋಜನೆ. ರಸ್ತೆಗೆ ಮತ್ತೆ ಮತ್ತೆ ಡಾಂಬರು ಹಾಕುವುದನ್ನು ಯಾರೂ ವಿಪತ್ತು ಎನ್ನುವುದಿಲ್ಲವಲ್ಲ, ತೀರವನ್ನೂ ಹಾಗೆಯೇ ನಿರ್ವಹಣೆಯ ಬಾಬ್ತಿನಲ್ಲಿ ಸೇರಿಸಿಕೊಂಡಿದ್ದಾರೆ. ನಮ್ಮ ಪ್ರಸ್ತಾವನೆಗಳೂ ಈ ದಾರಿಗೆ ಬರಬೇಕು ಎಂಬುದು ನನ್ನ ದೃಢವಾದ ನಂಬಿಕೆ.

ಇನ್ನು ಅಳತೆಯ ಮಾತು. ನನ್ನ ಅನುಭವದಲ್ಲಿ ಅತಿ ಹೆಚ್ಚು ಪ್ರಸ್ತಾವನೆಗಳು ಮುಗ್ಗರಿಸುವುದು ಇಲ್ಲೇ. ಬಿರುಗಾಳಿ ಬಂದು ಹೋದ ಮೇಲೆ ಊರಿನವರು ನೂರಾರು ಫೋಟೊ ತರುತ್ತಾರೆ. ಬುಡ ಕಿತ್ತ ಮರ, ತುಂಡಾದ ರಸ್ತೆ, ಜೋತಾಡುವ ಮೆಟ್ಟಿಲು. ನೋಡಿದರೆ ಹೊಟ್ಟೆ ಕಿವುಚುತ್ತದೆ. ಆದರೆ ಹಣ ಮಂಜೂರು ಮಾಡುವವರು ಕೇಳುವ ಮೊದಲ ಪ್ರಶ್ನೆ, ಎಷ್ಟು ಘನ ಮೀಟರ್ ಹೋಗಿದೆ ಎಂಬುದು. ಮೊದಲು ಎಷ್ಟಿತ್ತು ಎಂಬ ದಾಖಲೆಯೇ ಇಲ್ಲದಿದ್ದರೆ ಈ ಪ್ರಶ್ನೆಗೆ ಉತ್ತರ ಎಲ್ಲಿಂದ ತರುವುದು? ಒಂದೇ ಬಿರುಗಾಳಿಗೆ ಸಿಕ್ಕ ಅಕ್ಕಪಕ್ಕದ ಎರಡು ಊರುಗಳಲ್ಲಿ ಹೆಚ್ಚು ಹಾನಿಯಾದ ಊರಿನ ಕಡತ ವಾಪಸಾಗಿ, ಕಡಿಮೆ ಹಾನಿಯಾದ ಊರಿಗೆ ಹಣ ಬಂದದ್ದನ್ನು ನೋಡಿದ್ದೇನೆ. ಆ ಎರಡನೆಯ ಊರಿನಲ್ಲಿ ಪ್ರತಿವರ್ಷ ಅಳತೆ ನಡೆಯುತ್ತಿತ್ತು, ಅಷ್ಟೇ ವ್ಯತ್ಯಾಸ.

ಅಮೆರಿಕದಲ್ಲಿ ಇದು ನಿಯಮವಾಗಿಯೇ ಇದೆ. ವಿಪತ್ತಿನ ನಂತರ ತೀರದ ಮರಳನ್ನು ಮತ್ತೆ ತುಂಬಲು ಅಲ್ಲಿನ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾ ನೆರವು ಕೊಡಬೇಕಾದರೆ, ಆ ತೀರವನ್ನು ನಿಗದಿತ ಎತ್ತರ, ಅಗಲ, ಇಳಿಜಾರು, ಮರಳಿನ ಕಣದ ಗಾತ್ರಕ್ಕೆ ತಕ್ಕಂತೆ ನಿರ್ಮಿಸಿರಬೇಕು, ಕಾಲಕಾಲಕ್ಕೆ ಮರಳು ತುಂಬಿ ನಿರ್ವಹಿಸುತ್ತಲೂ ಬಂದಿರಬೇಕು. ತಾನಾಗಿಯೇ ಇದ್ದ ತೀರಕ್ಕೆ ಆ ಅವಕಾಶವಿಲ್ಲ. ಕಠಿಣ ಎನಿಸಬಹುದು. ಆದರೂ ಇದರ ಹಿಂದಿನ ವಿಚಾರ ನನಗೆ ಒಪ್ಪಿಗೆ. ನೋಡಿಕೊಂಡು ಬಂದದ್ದು ಮಾತ್ರ ಆಸ್ತಿ ಎನಿಸಿಕೊಳ್ಳುತ್ತದೆ.

ಆದ್ದರಿಂದ ದಡದ ಮೇಲೆ ಕೆಲವು ಸ್ಥಿರ ಗುರುತುಗಳನ್ನು ನೆಟ್ಟು, ಪ್ರತಿ ಗುರುತಿನಿಂದ ಸಮುದ್ರದೊಳಕ್ಕೆ ಒಂದೇ ನೇರದಲ್ಲಿ, ಅಲೆಗಳು ಮರಳನ್ನು ಕದಲಿಸುವ ಆಳದವರೆಗೂ ಅಳೆಯಬೇಕು. ಬಿರುಗಾಳಿ ಕಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ. ಒಣ ಮರಳನ್ನಷ್ಟೇ ಅಳೆದು ಬಂದರೆ ಅರ್ಧ ಕಥೆ ನೀರಿನಡಿಯಲ್ಲೇ ಉಳಿಯುತ್ತದೆ. ಸಮುದ್ರದ ತಳದಿಂದ ಮರಳು ಎತ್ತುವ ಹಡಗು, ಅಂದರೆ ಡ್ರೆಜರ್, ತರಿಸುವ ಖರ್ಚಿನ ಮುಂದೆ ಈ ಸರ್ವೆಯ ಖರ್ಚು ಏನೂ ಅಲ್ಲ.

ಅಳತೆ ಕೈಯಲ್ಲಿದ್ದರೆ ಮುಂದಿನ ಪ್ರಶ್ನೆಯನ್ನೂ ಧೈರ್ಯವಾಗಿ ಎತ್ತಬಹುದು: ಮರಳು ಹೋದದ್ದು ಎಲ್ಲಿಗೆ? ಆಸ್ಟ್ರೇಲಿಯಾದ ಟ್ವೀಡ್ ನದಿಯ ಅಳಿವೆಯಲ್ಲಿ ದೋಣಿ ಹಡಗುಗಳ ಅನುಕೂಲಕ್ಕೆಂದು 1962ರಿಂದ 1964ರ ನಡುವೆ ಕಲ್ಲಿನ ಗೋಡೆಗಳನ್ನು ಸಮುದ್ರದೊಳಕ್ಕೆ ಉದ್ದ ಮಾಡಿದರು. ದಕ್ಷಿಣದಿಂದ ಉತ್ತರಕ್ಕೆ ವರ್ಷಕ್ಕೆ ಸುಮಾರು 5 ಲಕ್ಷ ಘನ ಮೀಟರ್ ಸಾಗುತ್ತಿದ್ದ ಮರಳು ಗೋಡೆಯ ಬಳಿ ತಡೆದು ನಿಂತಿತು, ಉತ್ತರದ ಕಿರ್ರಾ ತೀರ ಕರಗಿತು. 2001ರಿಂದ ಪಂಪ್ ಇಟ್ಟು ಮರಳನ್ನು ಆಚೆ ದಾಟಿಸುತ್ತಿದ್ದಾರೆ. ಅಳಿವೆ ಒಂದು ರಾಜ್ಯದ್ದು, ಕೊರೆದ ತೀರ ಇನ್ನೊಂದರದ್ದು. ಹಾಗಾಗಿ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ಎರಡೂ ಸೇರಿ ಈ ಕೆಲಸ ನಡೆಸುತ್ತಿವೆ. ಕೊರೆತಕ್ಕೆ ಬಂದರಿನ ಗೋಡೆ ಕಾರಣ ಎಂದು ಅಳತೆ ತೋರಿಸಿದರೆ, ಆ ಗೋಡೆಯಿಂದ ಲಾಭ ಪಡೆದವರನ್ನು ಖರ್ಚಿನಲ್ಲೂ ಸೇರಿಸಿಕೊಳ್ಳಿ. ಪ್ರಕೃತಿ ವಿಕೋಪ ಎಂದು ಬರೆದು ಕೈತೊಳೆದುಕೊಂಡರೆ ಆ ಬಾಗಿಲು ಮುಚ್ಚಿಹೋಗುತ್ತದೆ.

ಹಣ ಕೊಡುವವರನ್ನು ಹುಡುಕುವಾಗ ತೀರದ ಹಿಂದೆ ಏನೇನಿದೆ ಎಂದೂ ನೋಡಬೇಕು. ಇಂಗ್ಲೆಂಡಿನ ನಾರ್ಫಕ್‌ನ ಬ್ಯಾಕ್ಟನ್‌ನಲ್ಲಿ ದಿಬ್ಬದ ಮೇಲೆ ದೊಡ್ಡ ಅನಿಲ ಘಟಕ, ಅದರ ಪಕ್ಕದಲ್ಲಿ ಸಣ್ಣ ಊರುಗಳು. ಬರೀ ಊರುಗಳ ಹೆಸರಿನಲ್ಲಿ ಅಷ್ಟು ದೊಡ್ಡ ಕೆಲಸ ಕೂಡಿಬರುವುದು ಕಷ್ಟವಿತ್ತು. ಘಟಕದವರ ಹಣವೂ ಸರ್ಕಾರದ ಹಣವೂ ಸೇರಿ 2019ರಲ್ಲಿ 18 ಲಕ್ಷ ಘನ ಮೀಟರ್ ಮರಳು ಬಿತ್ತು. ಘಟಕದ ಮುಂದಿನ ಮರಳು ಸರಿಯುತ್ತಾ ಊರುಗಳ ತೀರಕ್ಕೂ ಒದಗುತ್ತದೆ.

ಸಾರ್ವಜನಿಕ ಹಣ ಬಂದರೆ ತೀರವೂ ಸಾರ್ವಜನಿಕವಾಗಿರಬೇಕು. ಈ ಕೆಲಸದಲ್ಲಿ ನಾನು ಒಂದಿಷ್ಟೂ ಬಗ್ಗದ ವಿಷಯ ಇದೊಂದೇ. ಸಮುದ್ರಕ್ಕೆ ಮುಖಮಾಡಿದ ದೊಡ್ಡ ಮನೆಗಳವರು ಮರಳು ಬೇಕು ಎನ್ನುತ್ತಾರೆ, ಕಾಲುದಾರಿ ಬಿಡಿ ಎಂದರೆ ಮುಖ ಗಂಟಿಕ್ಕುತ್ತಾರೆ. ಅಮೆರಿಕದ ಸೇನೆಯ ಎಂಜಿನಿಯರಿಂಗ್ ವಿಭಾಗವಾದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ ಮೂಲಕ ನಡೆಯುವ ತೀರ ರಕ್ಷಣೆಯ ಯೋಜನೆಗಳಲ್ಲಿ ಮೊದಲ ನಿರ್ಮಾಣಕ್ಕೆ ಕೇಂದ್ರದ ಪಾಲು ಸಾಮಾನ್ಯವಾಗಿ 65 ಶೇಕಡಾ. ಆದರೆ ತೀರದ ಯಾವ ಜಾಗದಿಂದಲೂ ಕಾಲು ಮೈಲಿಯೊಳಗೆ ಸಾರ್ವಜನಿಕರಿಗೆ ದಾರಿಯಿರಬೇಕು. ಖಾಸಗಿಯವರಷ್ಟೇ ಬಳಸುವ ತೀರಕ್ಕೆ ಆ ಪಾಲು ಇಲ್ಲ. ಮೀನುಗಾರರು ದೋಣಿ ಎಳೆಯುವ ಜಾಗ, ಮಕ್ಕಳು ಆಡುವ ಜಾಗ, ವಯಸ್ಸಾದವರು ಇಳಿಯುವ ಇಳಿಜಾರು, ಇವನ್ನು ನಕ್ಷೆಯಲ್ಲಿ ಗುರುತಿಸದ ಹೊರತು ನಾನು ಕಡತ ಮುಂದಕ್ಕೆ ಕಳಿಸುವುದಿಲ್ಲ. ಮರಳು ತೆಗೆಯುವ ಜಾಗದ ಬಗ್ಗೆಯೂ ಮೀನುಗಾರರನ್ನು ಮೊದಲೇ ಕೇಳಿ. ಎಲ್ಲಿ ಮೀನು ಮರಿ ಮಾಡುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಮರುತುಂಬುವ ಷರತ್ತನ್ನು ಮಾತ್ರ ತೇಲಿಸಿ ಬರೆಯಬೇಡಿ. ಅಗತ್ಯ ಬಿದ್ದಾಗ ಎಂಬ ಪದ ಯಾರನ್ನೂ ಕಟ್ಟಿಹಾಕುವುದಿಲ್ಲ. ಮರಳಿನ ಪ್ರಮಾಣ ಇಷ್ಟಕ್ಕೆ ಇಳಿದರೆ ಮರುತುಂಬುವ ಪ್ರಕ್ರಿಯೆ ಶುರು, ಅದರಲ್ಲಿ ಊರಿನ ಪಾಲು ಇಷ್ಟು, ಆ ಪಾಲು ಪ್ರತಿವರ್ಷ ಇಂಥ ಖಾತೆಗೆ ಜಮಾ ಎಂದು ಬರೆಯಿರಿ. ಅಮೆರಿಕದ ಫ್ಲೋರಿಡಾದಲ್ಲಿ ಹಲವು ಕೌಂಟಿಗಳು, ಅಂದರೆ ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳು, ಪ್ರವಾಸಿಗರ ವಸತಿಯ ಮೇಲಿನ ತೆರಿಗೆಯ ಒಂದು ಭಾಗವನ್ನು ತೀರಕ್ಕೆಂದೇ ಇಡುತ್ತವೆ. ಊರು ತನ್ನ ಪಾಲನ್ನು ಹೀಗೆ ಮೊದಲೇ ಎತ್ತಿಟ್ಟಿದ್ದರೆ ಮೇಲಿನವರ ಅನುಮಾನ ಅರ್ಧ ಕರಗುತ್ತದೆ.

ಕೆಲವು ಕಡೆ ಮರಳು ಕೇಳುವುದೇ ಸರಿಯಲ್ಲ. ಆ ತೀರಕ್ಕೆ ಹೊಂದುವ ಕಣದ ಗಾತ್ರದ ಮರಳು ಹತ್ತಿರದಲ್ಲೆಲ್ಲೂ ಸಿಗದೆ, ತುಂಬಿದ್ದು ಒಂದೇ ಬಿರುಗಾಳಿ ಕಾಲಕ್ಕೆ ಹೋಗುವ ಜಾಗಗಳಿವೆ. ಅಲ್ಲಿನ ಕುಟುಂಬಗಳಿಗೆ ಬೇಕಾದದ್ದು ಹಿಂದೆ ಸರಿದು ಮನೆ ಕಟ್ಟಿಕೊಳ್ಳಲು ನೆಲ ಮತ್ತು ನೆರವು. ಭಾರತದ 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಕೊರೆತ ತಡೆಯಲು 1,500 ಕೋಟಿ ರೂಪಾಯಿ, ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿ ಎಂದು ಎರಡನ್ನೂ ಬೇರೆ ಬೇರೆಯಾಗಿ ಶಿಫಾರಸು ಮಾಡಿತು. ಅಂಥ ಊರಿಗೆ ಯಾವ ತಲೆಬರಹದಡಿ ಅರ್ಜಿ ಹಾಕಬೇಕು ಎಂಬುದನ್ನು ಆ ಮನೆಗಳವರ ಜೊತೆ ಕೂತು ಮಾತಾಡಿದ ಮೇಲೆಯೇ ನಿರ್ಧರಿಸಿ.